ಹದಿನೇಳನೇ ವಾರ್ಡಿನ ಉತ್ತರಗಳು

ಕರಿಹೊಳೆ ಪಟ್ಟಣದ ಸಮೀಕ್ಷಾ ಕೇಂದ್ರದಲ್ಲಿ ಅನಸೂಯಾ ಹಡಪದ ಹದಿನಾಲ್ಕು ವರ್ಷದಿಂದ ಸರ್ವರುಗಳನ್ನು ನೋಡಿಕೊಂಡಿದ್ದಳು. ಯಂತ್ರ ಕೆಟ್ಟಾಗ, ಕರೆಂಟು ಹೋದಾಗ, ಇಲಿ ತಂತಿ ಕಡಿದಾಗ ಗಾಬರಿಯಾಗುವವಳಲ್ಲ. ಅವಳು ಗಾಬರಿಯಾದದ್ದು ಎಲ್ಲವೂ ಸರಿಯಾಗಿದೆ ಎಂದು ಪರದೆ ಹೇಳಿದ ದಿನ.

ಅಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆ. ಹಳೆಯ ಡಿಸ್ಕುಗಳಲ್ಲಿದ್ದ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವ ಕೆಲಸ ನಡೆದಿತ್ತು. ಒಂದೊಂದನ್ನೂ ಸಾಗಿಸುವ ಮೊದಲು ಅನಸೂಯಾ ವಾರ್ಡುವಾರು ತಾಳೆ ನೋಡುತ್ತಿದ್ದಳು. ಪಟ್ಟಣದಲ್ಲಿ ಮೂವತ್ತೊಂದು ವಾರ್ಡು. ಒಂದೊಂದರ ಮುಂದೆಯೂ ವ್ಯತ್ಯಾಸದ ಅಂಕಿ: ಶೇಕಡಾ ಮೂರೂವರೆ, ನಾಲ್ಕು, ಐದೂಕಾಲು. ಹದಿನೇಳನೇ ವಾರ್ಡಿನ ಮುಂದೆ ಮಾತ್ರ ಸೊನ್ನೆ.

ಆ ಸೊನ್ನೆಯ ಅರ್ಥ ತಿಳಿಯಬೇಕಾದರೆ ನೆರಳುಗಳ ವಿಷಯ ಹೇಳಬೇಕು. ಮೊದಲೆಲ್ಲ ಸಮೀಕ್ಷೆಯವರು ವಾರಕ್ಕೊಮ್ಮೆ ಮನೆಮನೆಗೆ ಬರುತ್ತಿದ್ದರು. ಕೈಯಲ್ಲೊಂದು ಟ್ಯಾಬ್ಲೆಟ್, ಅದರ ತುಂಬ ಪ್ರಶ್ನೆ. ನೀರು ಸಾಲುತ್ತದೆಯೇ, ಯಾರಿಗಾದರೂ ಜ್ವರವೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ನಿನ್ನೆ ಎರಡು ಹೊತ್ತೂ ಒಲೆ ಹೊತ್ತಿತೇ. ಜನ ಬೇಸತ್ತು ಕದ ಹಾಕಿಕೊಳ್ಳುತ್ತಿದ್ದರು. ಹೀಗೆ ಕೆಲವು ವರ್ಷ ಕೇಳಿದ ಮೇಲೆ, ಪ್ರತಿ ಮನೆಯ ಉತ್ತರಗಳ ಜಾಡು ಹಿಡಿದು ಆ ಮನೆಯ ಪರವಾಗಿ ತಾನೇ ಉತ್ತರ ಹೇಳುವ ಗಣಕ ಮಾದರಿಯೊಂದನ್ನು ತಜ್ಞರು ತಯಾರಿಸಿದರು. ಕಾಗದಪತ್ರಗಳಲ್ಲಿ ಅದರ ಹೆಸರು 'ಪ್ರತಿ-ಕುಟುಂಬ'. ಜನರ ಬಾಯಲ್ಲಿ ನೆರಳು. ಮನೆಯ ನೀರಿನ ಮೀಟರು, ಕರೆಂಟಿನ ಮೀಟರು, ಶಾಲೆಯ ಹಾಜರಿ, ಔಷಧದಂಗಡಿಯ ಚೀಟಿ ಎಲ್ಲದರ ಲೆಕ್ಕವೂ ವಾರ್ಡಿನ ಕಂಬದ ಮೇಲಿದ್ದ ಪೆಟ್ಟಿಗೆಗೆ ಬಂದು, ಅಲ್ಲಿಂದ ಕೇಂದ್ರದ ಸರ್ವರಿಗೆ ಸೇರುತ್ತಿತ್ತು. ಅದನ್ನು ನೋಡಿಕೊಂಡು ನೆರಳು ಹಗಲೂ ರಾತ್ರಿ ತಾಸಿಗೊಮ್ಮೆ ಉತ್ತರ ಕೊಡುತ್ತಿತ್ತು. ಆ ಉತ್ತರದ ಮೇಲೆ ನೀರು ಬಿಡುತ್ತಿದ್ದರು, ಔಷಧ ಹಂಚುತ್ತಿದ್ದರು, ನರ್ಸುಗಳನ್ನು ಕಳಿಸುತ್ತಿದ್ದರು. ಹನ್ನೊಂದು ವರ್ಷದಿಂದ ಯಾರೂ ಯಾರ ಮನೆಯ ಕದ ತಟ್ಟಿ ಕೇಳಿರಲಿಲ್ಲ.

ನೆರಳು ಹೇಳಿದ್ದಕ್ಕೂ ಮೀಟರು ತೋರಿಸಿದ್ದಕ್ಕೂ ಅಷ್ಟಿಷ್ಟು ಅಂತರ ಇದ್ದೇ ಇರುತ್ತದೆ. ಮನುಷ್ಯರಿರುವ ಮನೆ. ಒಂದು ದಿನ ನೆಂಟರು ಬರುತ್ತಾರೆ, ಒಂದು ದಿನ ನಲ್ಲಿ ನಿಲ್ಲಿಸುವುದನ್ನು ಮರೆಯುತ್ತಾರೆ. ಮುನ್ನೂರ ಹನ್ನೆರಡು ಮನೆಗಳಿರುವ ವಾರ್ಡಿನಲ್ಲಿ ಅಂತರ ಸೊನ್ನೆ ಎಂದರೆ ಅಲ್ಲಿ ಮನುಷ್ಯರೇ ಇಲ್ಲ ಎಂದ ಹಾಗೆ.

ಅನಸೂಯಾ ಆ ವಾರ್ಡಿನ ಪೆಟ್ಟಿಗೆಯಿಂದ ಬಂದ ಕೊನೆಯ ಸಂಕೇತ ಯಾವಾಗಿನದೆಂದು ಹುಡುಕಿದಳು. ಬಂದು ನಲವತ್ತಮೂರು ದಿನವಾಗಿತ್ತು.

ಅವಳು ಕುರ್ಚಿಗೆ ಒರಗಿ ಕೂತಳು. ಪೆಟ್ಟಿಗೆ ಸತ್ತರೆ ಎಚ್ಚರಿಕೆಯ ಗಂಟೆ ಯಾಕೆ ಹೊಡೆಯಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಮಳೆಗಾಲದಲ್ಲಿ ಪೆಟ್ಟಿಗೆಗಳು ಮೇಲಿಂದ ಮೇಲೆ ಬಂದ್ ಬೀಳುತ್ತಿದ್ದವು. ವರದಿಯಲ್ಲಿ ಖಾಲಿ ಜಾಗ ಕಂಡರೆ ಮೇಲಿನವರು ಸಿಟ್ಟಾಗುತ್ತಿದ್ದರು. ಆಗ ನಿರ್ದೇಶಕರು ಹೇಳಿದ್ದಕ್ಕೆ ಅವಳೇ ಒಂದು ನಿಯಮ ಬರೆದು ಸೇರಿಸಿದ್ದಳು: ಲೆಕ್ಕ ಬಾರದಿದ್ದಾಗ ನೆರಳಿನ ಅಂದಾಜನ್ನೇ ಲೆಕ್ಕವೆಂದು ತುಂಬಿಕೊಳ್ಳುವುದು. ಒಂದೆರಡು ತಾಸಿನ ಮಾತು ಎಂದುಕೊಂಡು, ಎಷ್ಟು ದಿನದವರೆಗೆ ಎಂದು ಮಿತಿ ಹಾಕಿರಲಿಲ್ಲ. ಈಗ ನಲವತ್ತಮೂರು ದಿನದಿಂದ ನೆರಳು ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡು ಹೌದೆನ್ನುತ್ತಿತ್ತು. ಹೌದೆಂದಷ್ಟೂ ಅದರ ನಂಬಿಕೆ ಗಟ್ಟಿಯಾಗುತ್ತ ಹೋಗಿತ್ತು. ಪರದೆಯ ಮೂಲೆಯಲ್ಲಿ ಅದೂ ಬರೆದಿತ್ತು: ವಿಶ್ವಾಸಾರ್ಹತೆ ಶೇಕಡಾ ತೊಂಬತ್ತೊಂಬತ್ತು ಪಾಯಿಂಟ್ ಎಂಟು. ಇಡೀ ಪಟ್ಟಣದಲ್ಲೇ ಹೆಚ್ಚು.

ನಿರ್ದೇಶಕ ಹೆರವಾಡಕರರ ಕೋಣೆಗೆ ಹೋದರೆ ಅವರು ಅದೇ ವಾರ್ಡಿನ ವಿಷಯವಾಗಿ ಖುಷಿಯಲ್ಲಿದ್ದರು.

"ಬರ್ರಿ ಅನಸೂಯಾಬಾಯಿ. ಮಾದರಿ ವಾರ್ಡ್ ಅಂತ ಈ ಸಲ ಹದಿನೇಳನೇದ್ದನ್ನ ಕಳಸೂಣ ಅಂತ ಮಾಡೇನಿ. ಒಂದ ಒಂದು ತಕರಾರು ಇಲ್ಲ ನೋಡ್ರಿ."

"ಸರ್, ಅಲ್ಲಿಂದ ಏನೂ ಬರವಲ್ದು. ಪೆಟ್ಟಿಗಿ ಸತ್ತೈತಿ."

ಹೆರವಾಡಕರರು ಕನ್ನಡಕ ತೆಗೆದು ಒರೆಸಿದರು. "ಉತ್ತರ ಬರ್ಲಿಕ್ಕತ್ತಾವಲ್ಲ?"

"ಉತ್ತರ ಬರಾಕತ್ತಾವ್ರಿ. ಮಂದಿದಲ್ಲ."

"ಹಂಗಾರ ಒಂದು ಪೆಟ್ಟಿಗಿ ಬರದು ತರಸ್ರಿ. ತಿಂಗಳೊಪ್ಪತ್ತಿನಾಗ ಬರ್ತದ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನನ್ನ ಸರ್ವೀಸು ಇನ್ನ ನಾಕ ತಿಂಗಳದ."

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಗಂಡ ಶೇಖಪ್ಪ ಆಗಲೇ ತಾಟಿನ ಮುಂದೆ ಕೂತಿದ್ದ. ಅವನು ಪಟ್ಟಣದ ನೀರು ಸರಬರಾಜಿನಲ್ಲಿ ವಾಲ್ವು ತಿರುಗಿಸುವ ಕೆಲಸದವನು. ಅತ್ತೆ ನೀಲವ್ವ ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಮನೆಯ ನೆರಳು ಹೇಳಿದಂತೆ ತಿಂಗಳ ಮೊದಲ ದಿನ ಔಷಧ ತಾನಾಗಿ ಬಾಗಿಲಿಗೆ ಬರುತ್ತಿತ್ತು.

"ಹದಿನೇಳನೇ ವಾರ್ಡಿಗೆ ನೀರು ಹೆಂಗ ಬಿಡಾಕತ್ತೀರಿ?" ಎಂದು ಅನಸೂಯಾ ರೊಟ್ಟಿ ಹಾಕುತ್ತ ಕೇಳಿದಳು.

"ನೇಕಾರ ಕಾಲೊನಿಗೆ? ಅರ್ಧ ವಾಲ್ವು. ನೀರು ಸಾಕಾಗಿ ಉಳೀತೈತಿ ಅಂತ ಪರದಿ ಮ್ಯಾಲೆ ಬರಾಕತ್ತು ತಿಂಗಳಾತು. ಉಳದದ್ದು ಹೊಸ ಬಡಾವಣಿಗೆ ಹೊಕ್ಕೈತಿ."

"ನೀವು ಆ ಕಡೆ ಹೋಗಿ ನೋಡೀರೇನು?"

"ಯಾಕ ಹೋಗ್ಲಿ? ತಕರಾರ ಇಲ್ಲಲ್ಲ." ತುತ್ತು ಬಾಯಿಗೆ ಒಯ್ಯುತ್ತಿದ್ದವನು ಅವಳ ಮುಖ ನೋಡಿ ಕೈ ನಿಲ್ಲಿಸಿದ. "ಯಾಕ? ಏನಾತು?"

ಅವಳು ಹೇಳಿದಳು. ಶೇಖಪ್ಪ ತಾಟು ಪಕ್ಕಕ್ಕೆ ಸರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಅಂದ, "ಅಲ್ಲಿ ನೀರಿನ ಪೈಪು ಗಟಾರದ ಬಾಜೂಕ ಹೋಗೇತಿ. ಜೋರಿನ ನೀರಿದ್ರ ಚಿಂತಿ ಇಲ್ಲ. ಜೋರು ಕಡಿಮಿ ಆದ್ರ ಪೈಪು ಹೊರಗಿನ ಹೊಲಸನ್ನ ಒಳಗ ಎಳಕೊಂತೈತಿ."

ತಾಟಿನಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಅವನು ವಾಲ್ವಿನ ಕೀಲಿ ಹಿಡಿದು ಹೊರಟುಹೋದ.

ಅನಸೂಯಾ ನೇರ ದ್ಯಾಮಣ್ಣ ತಳವಾರನ ಸೈಕಲ್ ಅಂಗಡಿಗೆ ಹೋದಳು. ನೆರಳುಗಳು ಬರುವ ಮೊದಲು ಹದಿನೇಳನೇ ವಾರ್ಡಿಗೆ ಟ್ಯಾಬ್ಲೆಟ್ ಹಿಡಿದು ಹೋಗುತ್ತಿದ್ದವನು ಅವನೇ. ಕೆಲಸ ಹೋದ ಮೇಲೆ ಪಂಕ್ಚರ್ ತಿದ್ದುತ್ತ ಕೂತಿದ್ದ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೈ ಒರೆಸಿಕೊಂಡು ಎದ್ದ. "ನಡೀರಿ ಬಾಯಾರ. ಆ ಮುನ್ನೂರ ಹನ್ನೆರಡೂ ಮನಿ ನನಗ ಗುರತು."

ರೈಲು ಹಳಿ ದಾಟಿದರೆ ನೇಕಾರ ಕಾಲೊನಿ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಆ ಹೊತ್ತಿಗೆ ಪ್ರತಿ ಮನೆಯಿಂದಲೂ ಮಗ್ಗದ ಖಟಾಖಟ್ ಸದ್ದು ಬಂದು ಎದುರಿಗಿದ್ದವರ ಮಾತೂ ಕೇಳಿಸಬಾರದು. ಆವತ್ತು ಓಣಿ ಸದ್ದಿಲ್ಲದೆ ಬಿದ್ದಿತ್ತು. ಕದಗಳು ಮುಚ್ಚಿದ್ದವು. ಹಗಲು ಹೊತ್ತಿನಲ್ಲಿ ಇಷ್ಟು ಮನೆಗಳು ಕದ ಮುಚ್ಚಿಕೊಂಡದ್ದನ್ನು ಅನಸೂಯಾ ಎಂದೂ ಕಂಡಿರಲಿಲ್ಲ. ಅವಳಿಗೆ ಹಿಂದಿರುಗಿ ಓಡಿಬಿಡಬೇಕು ಅನ್ನಿಸಿತು. ಒಂದು ಕಿಟಕಿಯ ಹಿಂದೆ ಯಾರೋ ಸರಿದಾಡಿದ್ದು ಕಂಡು, ಜನ ಇದ್ದಾರೆ ಎಂದು ಸಮಾಧಾನವಾಯಿತು. ಮರುಕ್ಷಣವೇ, ಇದ್ದೂ ಯಾಕೆ ಹೊರಗೆ ಬರುತ್ತಿಲ್ಲ ಎಂದು ಇನ್ನಷ್ಟು ಹೆದರಿಕೆಯಾಯಿತು.

ದ್ಯಾಮಣ್ಣ ಒಂದು ಕದ ತಟ್ಟಿದ. ನಾಲ್ಕು ಬೆರಳಷ್ಟು ಸಂದು ತೆರೆಯಿತು.

"ನಮ್ಮ ಮನ್ಯಾಗ ಎಲ್ಲಾರೂ ಆರಾಮ ಅದೀವ್ರಿ. ನೀರು ಚೊಲೋ ಬರ್ತೈತಿ. ಹೋಗ್ರಿ," ಎಂದಿತು ಒಳಗಿನ ಹೆಂಗಸಿನ ದನಿ. ಯಾರೂ ಇನ್ನೂ ಏನೂ ಕೇಳಿರಲಿಲ್ಲ.

"ಶಾಂತವ್ವಾ, ನಾನಬೇ, ದ್ಯಾಮಣ್ಣ. ನಿನ್ನ ಮಗನ ಲಗ್ನದಾಗ ಬುಂದೆ ಬಡಿಸಿದಾಂವ."

ಸಂದಿಯಲ್ಲಿ ಒಂದು ಕಣ್ಣು ಅವನನ್ನು ಬಹಳ ಹೊತ್ತು ನೋಡಿತು. ಕದ ತೆರೆದದ್ದು ಆಮೇಲೆ.

ಒಳಗೆ ನಿಂತ ಮಗ್ಗದ ಪಕ್ಕದಲ್ಲಿ ಚಾಪೆಯ ಮೇಲೆ ಶಾಂತವ್ವನ ಸೊಸೆ ಪವಿತ್ರಾ ಮಲಗಿದ್ದಳು. ಎಂಟು ತಿಂಗಳ ಬಸುರಿ. ಕಣ್ಣು ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿ. ಕಿಟಕಿಯಲ್ಲಿದ್ದ ಕೊಡಕ್ಕೆ ಅನಸೂಯಾ ಬಗ್ಗಿದಳು. ನೀರು ನೋಡಲು ತಿಳಿಯಾಗಿತ್ತು. ವಾಸನೆ ಮಾತ್ರ ಗಟಾರದ್ದು.

"ಕಾಮಣಿ," ಎಂದಳು ಶಾಂತವ್ವ. "ಓಣಿ ತುಂಬ ಐತಿ. ಆ ಮೂಲಿಮನಿ ಬಸರಿ ಹೋದ ವಾರ ಹೋಗಿಬಿಟ್ಲು. ಮುದುಕ್ರು ಇಬ್ರು ಹೋದ್ರು."

"ದವಾಖಾನಿಗೆ ಒಯ್ಯಲಿಲ್ಲೇನವ್ವ?"

"ಒಯ್ದಿದ್ವಿ. ಚೀಟಿ ಕೊಡೋ ಹುಡುಗಿ ಪರದಿ ನೋಡಿದ್ಲು. 'ನಿಮ್ಮ ಮನ್ಯಾಗ ಎಲ್ಲಾರೂ ಆರಾಮ ಅಂತ ಇವತ್ತು ಮುಂಜಾನೆ ನೀವ ಹೇಳೀರಲ್ಲ' ಅಂದ್ಲು. ನಾ ಹೇಳಿಲ್ಲವಾ ತಾಯಿ, ನೆರಳು ಹೇಳೇತಿ ಅಂದೆ. 'ನಿಮ್ಮ ನೆರಳು ಸುಳ್ಳು, ನೀವ ಖರೇ ಏನು' ಅಂತ ನಕ್ಕಳು. ಎರಡನೇ ಸಲ ಹೋದ್ವಿ. ಮನಿಗೆ ಗುರುತು ಬಿತ್ತು, ಸುಳ್ಳು ಹೇಳೋ ಮನಿ ಅಂತ. ರೇಶನ್ ನಿಂತ್ತು. ಮೂರನೇ ಸಲ ಹೋದ್ರ ಮಗ್ಗದ ಕರೆಂಟು ತಗೀತಾರಂತ." ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಅದಕ್ಕ ಓಣ್ಯಾಗ ಎಲ್ಲಾರೂ ಮಾತಾಡಿಕೊಂಡೀವಿ. ಯಾರು ಕೇಳಿದ್ರೂ ಆರಾಮ ಅದೀವಿ ಅನ್ನೋದು."

ಸಂಜೆಯೊಳಗೆ ಇಬ್ಬರೂ ಇಪ್ಪತ್ತಾರು ಮನೆ ಸುತ್ತಿದರು. ಅನಸೂಯಾ ತಂದಿದ್ದ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಖರೇ ಉತ್ತರಗಳನ್ನು ತುಂಬಿ, ಬಯಲಿಗೆ ಬಂದು ಸರ್ವರಿಗೆ ಕಳಿಸಿದಳು. ಅರ್ಧ ನಿಮಿಷದಲ್ಲಿ ತಿರುಗಿ ಬಂತು. 'ಇಪ್ಪತ್ತಾರು ಉತ್ತರಗಳು ತಿರಸ್ಕೃತ. ತಿಳಿದಿರುವ ಸ್ಥಿತಿಗೆ ಹೊಂದುವುದಿಲ್ಲ. ಸಂಗ್ರಹಿಸಿದವರು ಸಂಶಯಾಸ್ಪದ.'

"ಏನಂತ್ರಿ?" ಎಂದ ದ್ಯಾಮಣ್ಣ.

"ನಾವು ಸುಳ್ಳು ಹೇಳಾಕತ್ತೀವಂತ ಅಣ್ಣಾ."

ಅಲ್ಲೇ ನಿಂತು ಆರೋಗ್ಯಾಧಿಕಾರಿಗೆ ಫೋನು ಮಾಡಿದಳು. ಆತ ಸೌಮ್ಯವಾಗಿಯೇ ಮಾತಾಡಿದ. ಪರದೆ ನೋಡುತ್ತಿದ್ದ ಎಂಬುದು ಅವನ ತಡವರಿಕೆಯಲ್ಲೇ ಗೊತ್ತಾಯಿತು. "ಮೇಡಂ, ಹದಿನೇಳನೇ ವಾರ್ಡಿನಾಗ ಒಂದೂ ಕೇಸು ಇಲ್ಲ. ಮತ್ತ ಸಿಟ್ಟಾಗಬ್ಯಾಡ್ರಿ, ನಿಮ್ಮ ಮನಿ ಮ್ಯಾಲ ಈಗಷ್ಟ ಗುರುತು ಬಿದ್ದೈತಿ. ಮೊದಲ ಅದನ್ನ ಸರಿ ಮಾಡಿಕೊಳ್ರಿ."

ಮನೆಗೆ ಬಂದಾಗ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಮುಂದಿನ ತಿಂಗಳಿನ ಇನ್ಸುಲಿನ್ ತಡೆಹಿಡಿಯಲಾಗಿದೆ ಎಂದು ಗೋಡೆಯ ಪರದೆ ಹೇಳುತ್ತಿತ್ತು. ನೀಲವ್ವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಶೇಖಪ್ಪನ ಅಂಗಿಯ ತುಂಬ ಕೆಸರು. ಹದಿನೇಳನೇ ವಾರ್ಡಿನ ವಾಲ್ವನ್ನು ಅವನು ಪೂರ್ತಿ ತೆರೆದಿದ್ದ, ಹತ್ತು ನಿಮಿಷದಲ್ಲಿ ಮೇಲಿನವರು ಫೋನು ಮಾಡಿ ಮತ್ತೆ ಅರ್ಧಕ್ಕೆ ಇಳಿಸುವಂತೆ ಮಾಡಿದ್ದರು.

ಅನಸೂಯಾ ಅತ್ತೆಯ ಪಕ್ಕದಲ್ಲಿ ಕೂತು ಓಣಿಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಕೆಲಸ ಹೋಗಬಹುದು, ಜೈಲೂ ಆಗಬಹುದು. ಅದಕ್ಕಿಂತ ಮೊದಲು ಈ ಮುದುಕಿಯ ಔಷಧ ಮುಗಿಯಬಹುದು. "ಅತ್ತೀ, ನನ್ನಿಂದ ನಿಮಗ ಹಿಂಗಾತು," ಎಂದಳು.

ನೀಲವ್ವ ಡಬ್ಬಿಯಲ್ಲಿದ್ದ ಸೀಸೆಗಳನ್ನು ಬೆರಳಿಂದ ಮುಟ್ಟಿ ನೋಡಿದಳು. "ಹದಿನೆಂಟು ದಿನಕ್ಕ ಆಗ್ತೈತಿ. ಆ ಬಸರಿ ಹುಡುಗಿಗೆ ಎಷ್ಟು ದಿನ ಐತಿ?"

"ಗೊತ್ತಿಲ್ರಿ."

"ಗೊತ್ತಿಲ್ಲಂದ್ರ ಕುಂತೀಯಾಕ?"

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಅನಸೂಯಾ ಸರ್ವರ್ ಕೋಣೆಯಲ್ಲಿದ್ದಳು. ರಾತ್ರಿಯಿಡೀ ನಿದ್ದೆ ಬಾರದೆ ಯೋಚಿಸಿ ಒಂದು ದಾರಿ ಕಂಡುಕೊಂಡಿದ್ದಳು. ಇಲಾಖೆಗಳು ನೆರಳಿನ ಉತ್ತರ ತಪ್ಪೆಂದರೆ ನಂಬುವುದಿಲ್ಲ. ಉತ್ತರವೇ ಬಾರದಿದ್ದರೆ? ಸಮೀಕ್ಷೆ ಶುರುವಾದ ಕಾಲದ ಒಂದು ಆದೇಶ ಇನ್ನೂ ಜಾರಿಯಲ್ಲಿತ್ತು. ಯಾವುದೇ ವಾರ್ಡಿನಿಂದ ಉತ್ತರ ನಿಂತು ಆರು ತಾಸಾದರೆ ವೈದ್ಯರೂ ಎಂಜಿನಿಯರೂ ಖುದ್ದಾಗಿ ಹೋಗಿ ನೋಡಬೇಕು. ಅವಳು ಬರೆದ ನಿಯಮದಿಂದಾಗಿ ಯಾವ ವಾರ್ಡಿನ ಉತ್ತರವೂ ನಿಲ್ಲದೆ, ಆ ಆದೇಶ ಆರು ವರ್ಷದಿಂದ ಬಳಕೆಗೇ ಬಂದಿರಲಿಲ್ಲ.

ನಿಯಮವನ್ನು ಅಳಿಸಿ ನೋಡಿದಳು. ಸರ್ವರು ಒಪ್ಪಲಿಲ್ಲ. ಅವಳ ಮನೆಯ ಮೇಲೆ ಗುರುತು ಬಿದ್ದಿದ್ದರಿಂದ ಅವಳ ಅಧಿಕಾರವೂ ಹೋಗಿತ್ತು. ಉಳಿದದ್ದು ಕೈ ಮಾತ್ರ. ಹದಿನೇಳನೇ ವಾರ್ಡಿನ ನೆರಳುಗಳಿದ್ದ ಹಳೆಯ ಡಿಸ್ಕಿನ ಸಾಗಾಟ ಇನ್ನೂ ಆಗಿರಲಿಲ್ಲ. ಅದು, ಮತ್ತು ಅದರ ಪಕ್ಕದ ಗೂಡಿನಲ್ಲಿದ್ದ ಮೀಸಲು ಪ್ರತಿ. ಎರಡನ್ನೂ ಅವಳು ಹೊರಗೆಳೆದಳು.

"ಅನಸೂಯಾಬಾಯಿ!" ಹೆರವಾಡಕರರು ಬಾಗಿಲಲ್ಲಿ ನಿಂತಿದ್ದರು. "ಏನ ಮಾಡ್ಲಿಕ್ಕತ್ತೀರಿ? ಅದರಾಗ ಮುನ್ನೂರ ಹನ್ನೆರಡು ಮನಿತನದ ಇತಿಹಾಸ ಅದ. ಹುಟ್ಟಿದ್ದು, ಸತ್ತದ್ದು, ಉಂಡದ್ದು, ಎಲ್ಲಾ. ಮತ್ತ ಹುಟ್ಟಿಸ್ಲಿಕ್ಕೆ ಬರಂಗಿಲ್ಲ."

"ಗೊತ್ತೈತ್ರಿ ಸರ್. ಅದನ್ನ ಕಾಯ್ದಾಕಿ ನಾನ."

"ಇಡ್ರಿ ಅದನ್ನ. ನಾ ಪೊಲೀಸರನ್ನ ಕರಿಬೇಕಾಗ್ತದ."

"ಕರೀರಿ. ಅವರರೆ ಆ ಓಣಿಗೆ ಬರ್ಲಿ."

ಅವರ ಮುಖ ಬಿಳಿಚಿಕೊಂಡಿತ್ತು. ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಹೆದರಿ ನಿಂತದ್ದನ್ನು ಕಂಡು ಅವಳಿಗೆ ಸಿಟ್ಟು ಬರಲಿಲ್ಲ. ಸ್ಕ್ರೂಡ್ರೈವರಿನಿಂದ ಡಿಸ್ಕಿನ ಕವಚ ಬಿಚ್ಚಿ, ಒಳಗಿನ ಚಿಪ್‌ಗಳ ಮೇಲೆ ಅದೇ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದಳು. ಮೊದಲ ಏಟಿಗೆ ಒಡೆಯಲಿಲ್ಲ. ಎರಡನೆಯ ಏಟಿಗೆ ಬಿರುಕು ಬಿಟ್ಟವು. ಮೀಸಲು ಪ್ರತಿಯನ್ನು ಬಿಚ್ಚುವಾಗ ಹೆರವಾಡಕರರು ಒಳಗೆ ಬಂದು ನೆಲದ ಮೇಲೆಯೇ ಕೂತರು. ತಡೆಯಲಿಲ್ಲ. "ಎಷ್ಟು ಮಂದಿ ಸತ್ತಾರ?" ಎಂದು ಮಾತ್ರ ಕೇಳಿದರು.

"ನನಗ ಹೇಳಿದ್ದು ಮೂರು. ಇಪ್ಪತ್ತಾರ ಮನಿ ಅಷ್ಟ ತಿರಗೀನಿ."

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೂವತ್ತು ವಾರ್ಡು ಹಸಿರಾಗಿದ್ದವು. ಒಂದು ಕಪ್ಪಾಯಿತು. ಅದರ ಮೇಲೆ ಎರಡು ಪದ: 'ಉತ್ತರ ಇಲ್ಲ.' ಫೋನುಗಳು ಒಂದರ ಹಿಂದೊಂದು ಹೊಡೆದುಕೊಳ್ಳತೊಡಗಿದವು.

ಆರು ತಾಸು ಎಂದರೆ ಎಷ್ಟು ಉದ್ದ ಎಂಬುದು ಅವಳಿಗೆ ಅಂದು ತಿಳಿಯಿತು. ಪೊಲೀಸರು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಯಾವ ತಪ್ಪಿಗೆ ಹಿಡಿಯಬೇಕೆಂದು ಅವರಿಗೂ ಗೊತ್ತಾಗದೆ ಮೇಲಿನವರನ್ನು ಕೇಳುತ್ತಿದ್ದರು. ಮೂರೂವರೆಗೆ ಎರಡು ಆಂಬುಲೆನ್ಸು ರೈಲು ಹಳಿಯ ಕಡೆ ಹೋದ ಸದ್ದು ಕೇಳಿತು. ನಾಲ್ಕಕ್ಕೆ ಇನ್ನೂ ಐದು. ಆಮೇಲೆ ಅವಳು ಎಣಿಸುವುದನ್ನು ಬಿಟ್ಟು ಮುಖ ಮುಚ್ಚಿಕೊಂಡು ಅತ್ತಳು.

ಹದಿನೇಳನೇ ವಾರ್ಡಿನಲ್ಲಿ ನೂರ ಎಂಬತ್ತೆಂಟು ಜನಕ್ಕೆ ಕಾಮಾಲೆ ತಗುಲಿತ್ತು. ಆ ಹೊತ್ತಿಗಾಗಲೇ ಐದು ಜನ ತೀರಿಕೊಂಡಿದ್ದರು. ಪವಿತ್ರಾ ಉಳಿದಳು. ಮಗು ಉಳಿಯಲಿಲ್ಲ. ಶೇಖಪ್ಪ ನಾಲ್ಕು ದಿನ ಮನೆಗೆ ಬಾರದೆ ಆ ಓಣಿಯ ಪೈಪು ಅಗೆಸಿದ. ನೀಲವ್ವನ ಔಷಧವನ್ನು ಪಕ್ಕದ ಊರಿನಲ್ಲಿದ್ದ ಅವಳ ತಂಗಿ ತನ್ನ ಪಾಲಿನಿಂದ ಕಳಿಸಿದಳು. ಅನಸೂಯಾಳನ್ನು ಅಮಾನತು ಮಾಡಿದರು. ವಿಚಾರಣೆಯಲ್ಲಿ ಅವಳು ಆ ನಿಯಮ ಬರೆದವಳು ತಾನೇ ಎಂದು ಮೊದಲ ದಿನವೇ ಹೇಳಿದಳು. ಬರೆಯಲು ಹೇಳಿದವನು ನಾನು ಎಂದು ಹೆರವಾಡಕರರು ಮೂರನೇ ದಿನ ಬಂದು ಹೇಳಿದರು.

ಆ ನಿಯಮ ಕರಿಹೊಳೆಯ ಸರ್ವರಿನಲ್ಲಷ್ಟೇ ಇರಲಿಲ್ಲ. ಬೇರೆ ಕೇಂದ್ರಗಳೂ ಅದನ್ನು ಒಳ್ಳೆಯ ಉಪಾಯವೆಂದು ನಕಲು ಮಾಡಿಕೊಂಡಿದ್ದವು. ಹುಡುಕಿದಾಗ ನಾಲ್ಕು ಪಟ್ಟಣಗಳಲ್ಲಿ ಒಂಬತ್ತು ವಾರ್ಡುಗಳ ಮುಂದೆ ಸೊನ್ನೆ ಸಿಕ್ಕಿತು. ಅವುಗಳಲ್ಲಿ ಸಂಗಾಪುರ ಪಟ್ಟಣದ ಒಂದು ವಾರ್ಡಿನಿಂದ ಲೆಕ್ಕ ಬಂದು ಎರಡು ವರ್ಷವಾಗಿತ್ತು. ಅಲ್ಲಿಗೆ ಹೋಗಿ ಕೇಳಲು ಜನ ಬೇಕಾಗಿತ್ತು, ಕೇಳುವುದು ಹೇಗೆಂದು ಗೊತ್ತಿದ್ದವರು ಬಹಳ ಕಡಿಮೆ. ದ್ಯಾಮಣ್ಣನಿಗೆ ಕರೆ ಬಂತು. ಅನಸೂಯಾ ಯಾರ ಕರೆಗೂ ಕಾಯದೆ ಅವನ ಜೊತೆ ಬಸ್ಸು ಹತ್ತಿದಳು.

ಸಂಗಾಪುರದ ಆ ವಾರ್ಡಿನಲ್ಲೂ ಕದಗಳು ಮುಚ್ಚಿದ್ದವು. ಬೆಳಗಿನ ಹತ್ತು ಗಂಟೆ. ಅನಸೂಯಾಳ ಕೈಯಲ್ಲಿ ಗೆರೆ ಹಾಕಿದ ನೋಟ್‌ಬುಕ್ಕು, ಒಂದು ಪೆನ್ನು. ಮೊದಲ ಮನೆಯ ಕದ ಅವಳೇ ತಟ್ಟಿದಳು. ಬಹಳ ಹೊತ್ತಿನ ಮೇಲೆ ಅಗಳಿ ಸರಿಯಿತು. ಅವಳ ವಯಸ್ಸಿನದೇ ಒಬ್ಬ ಹೆಂಗಸು ಹೊಸ್ತಿಲಾಚೆ ನಿಂತಳು, ಬಡಕಲಾಗಿ, ಒಂದು ಕೈಯಿಂದ ಕದ ಹಿಡಿದುಕೊಂಡು.

"ಅಕ್ಕಾರ, ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಅನಸೂಯಾ ಕೇಳಿದಳು.

ಹೆಂಗಸು ಓಣಿಯ ಆಚೆ ಈಚೆ ನೋಡಿದಳು. ಕಂಬದ ಮೇಲಿನ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಪಿಸುದನಿಯಲ್ಲಿ ಕೇಳಿದಳು:

"ಖರೇ ಹೇಳ್ಲೇನ್ರಿ, ಇಲ್ಲಾ ಸರಿ ಉತ್ತರ ಹೇಳ್ಲ್ಯಾ?"